ನಂಬಿಕೆಯನ್ನು ಬಿಟ್ಟು ಪ್ಯೂರಿಟನ್ ಸಾಹಿತ್ಯವನ್ನು ಓದಲಾಗದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಅಮೆರಿಕನ್ ಸಾಹಿತ್ಯ ಕುರಿತ ಲೇಖನದಲ್ಲಿ 17ನೆಯ ಶತಮಾನದ ಪ್ಯೂರಿಟನ್ (ಇಂಗ್ಲೆಂಡಿನ ಕ್ರೈಸ್ತ ಸಭೆಯನ್ನು ಇನ್ನೂ ಶುದ್ಧಗೊಳಿಸಬೇಕೆಂದ ಪಂಥದ) ಬರಹಗಾರರ ಪ್ರಸ್ತಾಪ ಎರಡೇ ವಾಕ್ಯಗಳಲ್ಲಿ ಮುಗಿದಿತ್ತು. ಅವರು ನಗುವನ್ನೂ ಕಲೆಯನ್ನೂ ದ್ವೇಷಿಸಿದ ಧರ್ಮಾಂಧರಾಗಿದ್ದರೆಂದೂ, ಅವರ ಬರವಣಿಗೆಯಲ್ಲಿ ನರಕದ ಬೆದರಿಕೆಯ ಹೊರತು ಬೇರೇನೂ ಇಲ್ಲವೆಂದೂ ಅಲ್ಲಿ ತೀರ್ಮಾನಿಸಲಾಗಿತ್ತು. ಮಂಡ್ಯ ಮತ್ತು ಮೈಸೂರಿನ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿರುವ ನಾನು ಇದೇ ಎರಡು ವಾಕ್ಯಗಳನ್ನು ಗೈಡುಗಳಲ್ಲಿ, ಜೆರಾಕ್ಸ್ ಅಂಗಡಿಯ ನೋಟ್ಸುಗಳಲ್ಲಿ, ಉತ್ತರಪತ್ರಿಕೆಗಳಲ್ಲಿ ವರ್ಷಗಟ್ಟಲೆ ಓದಿದ್ದೇನೆ. ಆದ್ದರಿಂದ ಈ ಪತ್ರವನ್ನು ಆ ಲೇಖಕರೊಬ್ಬರಿಗೆ ಕೊಟ್ಟ ಉತ್ತರವೆಂದು ತಾವು ಭಾವಿಸಬಾರದು. ನಮ್ಮಲ್ಲಿ ಈ ಸಾಹಿತ್ಯವನ್ನು ಓದಿಸುತ್ತಿರುವ ರೀತಿಯಲ್ಲಿಯೇ ಒಂದು ಕೊರತೆಯಿದೆ: ಅದನ್ನು ಹುಟ್ಟಿಸಿದ ನಂಬಿಕೆಯನ್ನು ಒಂದು ಸಾಲಿನ ಟಿಪ್ಪಣಿಯಾಗಿ ಬದಿಗಿಟ್ಟು, ಉಳಿದದ್ದನ್ನು ಮಾತ್ರ ಸಾಹಿತ್ಯವೆಂದು ಕಲಿಸುತ್ತಿದ್ದೇವೆ. ಹಾಗೆ ಮಾಡಿದಾಗ ಉಳಿಯುವುದು ಬಹಳ ಕಡಿಮೆ. ಇನ್ನೊಂದು ವಿಷಯವೆಂದರೆ, ಆ ನಂಬಿಕೆಯನ್ನು ಒಳಗಿನಿಂದ ಅರಿಯಲು ಬೇಕಾದ ಪರಿಭಾಷೆ ನಮ್ಮ ಸೀಮೆಯಲ್ಲಿ, ಮೇಲುಕೋಟೆಯಷ್ಟು ಹತ್ತಿರದಲ್ಲಿ, ನೂರಾರು ವರ್ಷಗಳಿಂದ ಇದೆ.

ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 1534ರಲ್ಲಿ ಎಂಟನೆಯ ಹೆನ್ರಿ ಪೋಪನ ಅಧಿಕಾರವನ್ನು ತಳ್ಳಿಹಾಕಿ ಇಂಗ್ಲೆಂಡಿನ ಸಭೆಗೆ (ಚರ್ಚಿಗೆ) ತಾನೇ ಮುಖ್ಯಸ್ಥನಾದನಾದರೂ, ಬಿಷಪ್ಪರ ಆಡಳಿತ, ಪೂಜಾವಸ್ತ್ರಗಳು, ಹಳೆಯ ವಿಧಿವಿಧಾನಗಳು ಬಹುಮಟ್ಟಿಗೆ ಉಳಿದುಕೊಂಡವು. ಜಿನೀವಾದಲ್ಲಿ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ರೂಪಿಸಿದ ಸಭೆಯ ಮಾದರಿಯನ್ನು ಮೆಚ್ಚಿದವರಿಗೆ ಇದು ಅರ್ಧಕ್ಕೆ ನಿಂತ ಸುಧಾರಣೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಆಧಾರವಿಲ್ಲದ ಯಾವುದೂ ಆರಾಧನೆಯಲ್ಲಿ ಇರಕೂಡದೆಂದು ಹಟ ಹಿಡಿದ ಇವರೇ ಪ್ಯೂರಿಟನ್ನರು. 1604ರಲ್ಲಿ ಅವರು ದೊರೆ ಮೊದಲನೆಯ ಜೇಮ್ಸನ ಮುಂದೆ ಇಟ್ಟ ಬೇಡಿಕೆಗಳಲ್ಲಿ ಹೆಚ್ಚಿನವು ತಿರಸ್ಕೃತವಾದವು; ಸತ್ಯವೇದದ ಹೊಸ ಅನುವಾದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿ ಅದು 1611ರಲ್ಲಿ ಹೊರಬಂತು. ಇಂಗ್ಲೆಂಡಿನ ಸಭೆಯಿಂದ ಪೂರಾ ಬೇರೆಯಾಗಿ ಹಾಲೆಂಡಿನ ಲೈಡನ್ ನಗರದಲ್ಲಿ ನೆಲೆಸಿದ್ದ ಒಂದು ಗುಂಪು ಮತ್ತು ಅವರೊಡನೆ ಸೇರಿದ ಇತರರು, ಒಟ್ಟು 102 ಪ್ರಯಾಣಿಕರು, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ಕರಾವಳಿ ಮುಟ್ಟಿದರು. 1630ರಲ್ಲಿ ಜಾನ್ ವಿನ್‌ತ್ರಾಪನ ನೇತೃತ್ವದಲ್ಲಿ ಇನ್ನೂ ದೊಡ್ಡ ಗುಂಪು ಹೊರಟು ಮ್ಯಾಸಚೂಸೆಟ್ಸಿನಲ್ಲಿ ನೆಲೆಯೂರಿತು. ಇಂಗ್ಲೆಂಡಿನಲ್ಲಿ ಉಳಿದವರು ಅಂತರ್ಯುದ್ಧದಲ್ಲಿ ಗೆದ್ದು, 1649ರಲ್ಲಿ ದೊರೆ ಮೊದಲನೆಯ ಚಾರ್ಲ್ಸನ ತಲೆ ತೆಗೆಸಿ, 1660ರಲ್ಲಿ ದೊರೆತನ ಮರಳಿದಾಗ ಎಲ್ಲವನ್ನೂ ಕಳೆದುಕೊಂಡರು.

ಇವರ ನಂಬಿಕೆಯ ತಿರುಳು ಇಷ್ಟು. ಮೊದಲ ಮನುಷ್ಯ ಆದಾಮ ದೇವರ ಮಾತು ಮೀರಿ ಪತನಗೊಂಡದ್ದರಿಂದ ಮನುಷ್ಯನ ಬುದ್ಧಿ, ಇಚ್ಛೆ, ಪ್ರೀತಿ ಎಲ್ಲವೂ ಕೆಟ್ಟಿವೆ. ತನ್ನ ಬಲದಿಂದ ಅವನು ದೇವರ ಕಡೆ ಒಂದು ಹೆಜ್ಜೆಯನ್ನೂ ಇಡಲಾರ. ಜಗತ್ತಿನ ಸೃಷ್ಟಿಗೂ ಮುನ್ನವೇ ದೇವರು ಕೆಲವರನ್ನು ರಕ್ಷಣೆಗೆ ಆಯ್ದುಕೊಂಡಿದ್ದಾನೆ, ಆ ಆಯ್ಕೆಗೆ ಅವನ ಇಚ್ಛೆಯಲ್ಲದೆ ಬೇರೆ ಕಾರಣವಿಲ್ಲ. ಆಯ್ಕೆಯಾದವರು ಕೃಪೆಯನ್ನು ತಡೆಯಲಾರರು, ಕೃಪೆ ದೊರೆತವರು ಕೊನೆಯತನಕ ಕೈಬಿಟ್ಟುಹೋಗಲಾರರು. ದೇವರ ಕೃಪೆಯನ್ನು ಸ್ವೀಕರಿಸುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ ಮನುಷ್ಯನಿಗುಂಟೆಂದು ವಾದಿಸಿದ ಡಚ್ ಧರ್ಮಪಂಡಿತ ಆರ್ಮಿನಿಯಸನ ಅನುಯಾಯಿಗಳನ್ನು ಖಂಡಿಸಿ, 1618–19ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಸೇರಿದ ಮಹಾಸಭೆ ಈ ಮಾತುಗಳನ್ನು ಸಿದ್ಧಾಂತವಾಗಿ ಬರೆದಿಟ್ಟಿತು.

ಮಂಡ್ಯ ಜಿಲ್ಲೆಯ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ವಿನಂತಿ. ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆಯ ಪರಂಪರೆಯನ್ನು ಅಷ್ಟಿಷ್ಟು ಬಲ್ಲವರಿಗೂ ಶ್ರೀವೈಷ್ಣವರಲ್ಲಿ ನಡೆದ ಮರ್ಕಟನ್ಯಾಯ, ಮಾರ್ಜಾಲನ್ಯಾಯಗಳ ವಾದ ಹೊಸದಲ್ಲ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಅವುಚಿಕೊಂಡಿರುವಂತೆ, ಭಗವಂತನ ಕೃಪೆಗೆ ಜೀವನ ಕಡೆಯಿಂದ ಒಂದಿಷ್ಟು ಪ್ರಯತ್ನವಿರಬೇಕೆಂಬುದು ವಡಗಲೆಯವರ ನಿಲುವು. ಬೆಕ್ಕಿನ ಮರಿ ಏನನ್ನೂ ಮಾಡದೆ ಸುಮ್ಮನಿರುವಾಗ ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವಂತೆ ಕೃಪೆ ತಾನಾಗಿ ಬಂದೊದಗುತ್ತದೆಂಬುದು ತೆಂಗಲೆಯವರ ನಿಲುವು. ಡಾರ್ಟಿನಲ್ಲಿ ಚರ್ಚೆಯಾದದ್ದು ಬಹುಪಾಲು ಇದೇ ಪ್ರಶ್ನೆ. ಆರ್ಮಿನಿಯಸನದು ಮೊದಲನೆಯದಕ್ಕೆ ಹತ್ತಿರ, ಕ್ಯಾಲ್ವಿನ್ ಪಂಥದವರದು ಎರಡನೆಯದಕ್ಕೆ ಹತ್ತಿರ. ವ್ಯತ್ಯಾಸವೂ ಅಷ್ಟೇ ಮುಖ್ಯ: ಶ್ರೀವೈಷ್ಣವದಲ್ಲಿ ಶರಣಾಗತಿಯ ಬಾಗಿಲು ಎಲ್ಲ ಜೀವರಿಗೂ ತೆರೆದಿದೆ, ಕ್ಯಾಲ್ವಿನ್ ಮತದಲ್ಲಿ ಆಯ್ಕೆಯಾಗದವರಿಗೆ ಅದು ಅನಾದಿಯಿಂದಲೇ ಮುಚ್ಚಿದೆ.

ಮುಚ್ಚಿದ ಬಾಗಿಲಿನ ಆ ಕಲ್ಪನೆಯೂ ಕನ್ನಡನಾಡಿಗೆ ಅಪರಿಚಿತವಲ್ಲ. ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರಾಗಿ ವಿಂಗಡಿಸಿದರು. ಭಾರತೀಯ ದರ್ಶನಗಳಲ್ಲಿ ಕ್ಯಾಲ್ವಿನ್ನನಿಗೆ ಹತ್ತಿರ ಬರುವ ಮಾತು ಇದು. ಆದರೆ ಇಲ್ಲಿಯೂ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ಮಧ್ವಮತದಲ್ಲಿ ತಾರತಮ್ಯವು ಜೀವರ ಸ್ವಭಾವದಲ್ಲಿಯೇ ಇರುವಂಥದು. ಪ್ಯೂರಿಟನ್ನರ ದೃಷ್ಟಿಯಲ್ಲಿ ಎಲ್ಲ ಮನುಷ್ಯರೂ ಸ್ವಭಾವದಿಂದ ಒಂದೇ ಸಮನಾಗಿ ಕೆಟ್ಟವರು. ರಕ್ಷಣೆ ಪಡೆದವನು ಪಡೆಯದವನಿಗಿಂತ ಎಳ್ಳಷ್ಟೂ ಮೇಲಿನವನಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಪ್ಯೂರಿಟನ್ ಬರಹಗಾರ ತನ್ನನ್ನು ಅಷ್ಟೊಂದು ಹಳಿದುಕೊಳ್ಳುವುದೇಕೆಂಬುದು ಅರ್ಥವಾಗುತ್ತದೆ. ವಚನಕಾರರ ಮತ್ತು ಹರಿದಾಸರ ಆತ್ಮನಿಂದೆಯನ್ನು ಓದಿ ಬೆಳೆದ ನಮ್ಮ ವಿದ್ಯಾರ್ಥಿಗಳು ಅದನ್ನು ಕಂಡು ಬೆಚ್ಚಬೇಕಾದ ಅಗತ್ಯವೇ ಇಲ್ಲ.

ಈಗ ಸಾಹಿತ್ಯಕ್ಕೆ ಬರುತ್ತೇನೆ. ದೇವರು ಆಯ್ದುಕೊಂಡಿರುವುದೇ ನಿಜವಾದರೆ, ತಾನು ಆ ಆಯ್ಕೆಯಲ್ಲಿ ಇದ್ದೇನೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಪುರೋಹಿತ ಹೇಳಲಾರ, ಪುಣ್ಯಕಾರ್ಯ ಹೇಳಲಾರದು, ಹುಟ್ಟಿದ ಮನೆತನ ಹೇಳಲಾರದು. ಪ್ರತಿಯೊಬ್ಬನೂ ತನ್ನ ಮನಸ್ಸನ್ನೇ ನೋಡಿಕೊಳ್ಳಬೇಕು. ಕೃಪೆಯ ಗುರುತು ಅಲ್ಲಿ ಮೂಡಿದೆಯೇ, ಮೂಡಿದಂತೆ ಕಂಡದ್ದು ಬರೀ ಅಹಂಕಾರವೇ ಎಂದು ದಿನದಿನವೂ ಪರೀಕ್ಷಿಸಬೇಕು. ಆ ಪರೀಕ್ಷೆಗೆ ಕೊನೆಯಿಲ್ಲ, ಏಕೆಂದರೆ ತಾನು ಸುರಕ್ಷಿತನೆಂಬ ನೆಮ್ಮದಿಯೇ ಮೋಸದ ಲಕ್ಷಣವಾಗಿರಬಹುದು. ದಿನಚರಿ ಮತ್ತು ಆತ್ಮಕಥನ ಇವರಲ್ಲಿ ಅಷ್ಟು ಹುಲುಸಾಗಿ ಬೆಳೆದದ್ದು ಈ ಅನಿಶ್ಚಯದಿಂದ. ನ್ಯೂ ಇಂಗ್ಲೆಂಡಿನಲ್ಲಿ (ಮ್ಯಾಸಚೂಸೆಟ್ಸ್ ಸೇರಿದಂತೆ ಅಮೆರಿಕದ ಈಶಾನ್ಯ ವಸಾಹತುಗಳಲ್ಲಿ) ಸಭೆಯ ಪೂರ್ಣ ಸದಸ್ಯತ್ವ ಬೇಕಿದ್ದವರು ತಮ್ಮೊಳಗೆ ಕೃಪೆ ಕೆಲಸ ಮಾಡಿದ ಬಗೆಯನ್ನು ಎಲ್ಲರೆದುರು ಹೇಳಿಕೊಳ್ಳಬೇಕಾಗಿತ್ತು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನ ಸಭಾಪಾಲಕ ಥಾಮಸ್ ಶೆಪರ್ಡ್ ಅಂಥ ಐವತ್ತರಷ್ಟು ನಿವೇದನೆಗಳನ್ನು ಬರೆದಿಟ್ಟುಕೊಂಡಿದ್ದಾನೆ, ಅವುಗಳಲ್ಲಿ ಮನೆಗೆಲಸದ ಹೆಂಗಸರ ಮಾತುಗಳೂ ಇವೆ. 1630–40ರ ದಶಕಗಳಲ್ಲಿ ಒಬ್ಬ ಮನೆಗೆಲಸದವಳ ಅಂತರಂಗದ ಕಥೆಯನ್ನು ಕೇಳಿ ಬರೆದಿಟ್ಟುಕೊಳ್ಳಲು ತಕ್ಕದ್ದೆಂದು ಒಂದು ಸಮಾಜ ಭಾವಿಸಿದ್ದರೆ, ಅದಕ್ಕೆ ಕಾರಣ ನಾವು ಕ್ರೂರವೆಂದು ತಳ್ಳಿಹಾಕುವ ಅದೇ ಸಿದ್ಧಾಂತ.

ಜಾನ್ ಬನ್ಯನ್ ಇದಕ್ಕೆ ಅತ್ಯುತ್ತಮ ನಿದರ್ಶನ. ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಯಲ್ಲಿ ಊರೂರು ತಿರುಗಿ ಪಾತ್ರೆಗಳನ್ನು ಬೆಸೆದುಕೊಡುವುದು ಅವನ ಕಸುಬು. 1666ರಲ್ಲಿ ಅವನು ಪ್ರಕಟಿಸಿದ ಆತ್ಮಕಥನದಲ್ಲಿ, ಬಿಸಿಲಿಗೆ ಬಾಗಿಲಲ್ಲಿ ಕುಳಿತಿದ್ದ ಮೂರ್ನಾಲ್ಕು ಬಡ ಹೆಂಗಸರು ದೇವರು ತಮ್ಮ ಹೃದಯವನ್ನು ಮುಟ್ಟಿದ ಬಗೆಯನ್ನು ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿಸಿಕೊಂಡ ಪ್ರಸಂಗವಿದೆ. ಧರ್ಮದ ವಿಷಯದಲ್ಲಿ ತಾನೂ ಮಾತುಗಾರನೆಂದುಕೊಂಡಿದ್ದ ಬನ್ಯನ್‌ಗೆ ಅವರ ಮಾತು ತನ್ನ ಅಳವಿಗೆ ಮೀರಿದ್ದೆಂದು ಅನ್ನಿಸುತ್ತದೆ. ಆಮೇಲಿನ ವರ್ಷಗಳ ಅವನ ಯಾತನೆಯನ್ನು ಓದುವುದು ಸುಲಭವಲ್ಲ. ಕ್ರಿಸ್ತನನ್ನು ಮಾರಿಬಿಡು ಎಂದು ಒಳಗಿನಿಂದ ಕಾಡುವ ದನಿ, ಜ್ಯೇಷ್ಠತನದ ಹಕ್ಕನ್ನು ಮಾರಿಕೊಂಡ ಏಸಾವನಂತೆ ತಾನೂ ಕ್ಷಮೆಗೆ ಹೊರಗಾದೆನೆಂಬ ಭಯ, ಸತ್ಯವೇದದ ಒಂದು ವಾಕ್ಯ ಮೇಲೆತ್ತಿದರೆ ಇನ್ನೊಂದು ವಾಕ್ಯ ಕೆಳಗೆ ದೂಡುವ ಒದ್ದಾಟ, ಇವೆಲ್ಲ ಅಲ್ಲಿ ಬರುವುದು ತೀರಾ ಸರಳವಾದ ಆಡುಮಾತಿನಲ್ಲಿ. ಪರವಾನಗಿಯಿಲ್ಲದೆ ಪ್ರಸಂಗ (ಧರ್ಮಬೋಧನೆ) ಮಾಡಿದನೆಂದು 1660ರಲ್ಲಿ ಅವನನ್ನು ಸೆರೆಗೆ ಹಾಕಿದರು. ಪ್ರಸಂಗ ಬಿಡುತ್ತೇನೆಂದು ಒಪ್ಪಿದ್ದರೆ ಹೊರಬರಬಹುದಾಗಿದ್ದ ಅವನು ಹನ್ನೆರಡು ವರ್ಷ ಒಳಗೇ ಇದ್ದ. ಕುರುಡಿಯಾಗಿದ್ದ ಹಿರಿಯ ಮಗಳನ್ನು ನೆನೆದು ಅವನು ಬರೆದಿರುವ ಸಾಲುಗಳನ್ನು ಓದಿದ ಮೇಲೆ, ಈ ಜನಕ್ಕೆ ಮಮತೆಯಿರಲಿಲ್ಲ ಎಂದು ಯಾರೂ ಹೇಳಲಾರರು. 1678ರ ಅವನ ಯಾತ್ರಾಕಥನವನ್ನು ನಮ್ಮಲ್ಲಿ ಮಕ್ಕಳ ನೀತಿಕಥೆಯಂತೆ ಸಂಗ್ರಹಿಸಿ ಹೇಳುವುದುಂಟು. ಆದರೆ ಅದರ ಕೊನೆಯಲ್ಲಿ, ನಾಯಕ ಪರಲೋಕದ ನಗರವನ್ನು ಹೊಕ್ಕ ಮೇಲೂ, ಅದೇ ನಗರದ ಬಾಗಿಲ ತನಕ ನಡೆದುಬಂದ ಇನ್ನೊಬ್ಬನನ್ನು ಕೈಕಾಲು ಕಟ್ಟಿ ನರಕದ ದಾರಿಗೆ ಒಯ್ಯುತ್ತಾರೆ. ಸ್ವರ್ಗದ ಬಾಗಿಲಿನಿಂದಲೂ ನರಕಕ್ಕೊಂದು ದಾರಿಯಿದೆಯೆಂದು ಆಗ ತನಗೆ ತಿಳಿಯಿತೆಂದು ಬನ್ಯನ್ ಬರೆಯುತ್ತಾನೆ. ಕೃಪೆಯ ಸಿದ್ಧಾಂತವನ್ನು ಅರಿಯದ ವಿದ್ಯಾರ್ಥಿಗೆ ಈ ಮುಕ್ತಾಯ ಅಕಾರಣ ಕ್ರೌರ್ಯವಾಗಿ ತೋರುತ್ತದೆ, ಅರಿತವನಿಗೆ ಇಡೀ ಪುಸ್ತಕದ ಆತಂಕ ಅಲ್ಲಿ ಸ್ಪಷ್ಟವಾಗುತ್ತದೆ.

ಅವರ ಶೈಲಿಯ ಬಗ್ಗೆಯೂ ಒಂದು ತಪ್ಪು ಕಲ್ಪನೆಯಿದೆ. ಅಲಂಕಾರವಿಲ್ಲದ ಗದ್ಯ ಅವರ ಬಡತನದಿಂದ ಬಂದದ್ದಲ್ಲ. ಅದು ಬೇಕೆಂದೇ ಆಯ್ದುಕೊಂಡ ಶಿಸ್ತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಪರ್ಕಿನ್ಸ್ 1592ರಲ್ಲಿ ಪ್ರಸಂಗಕಲೆಯ ಬಗ್ಗೆ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಕೈಪಿಡಿ ಇದಕ್ಕೆ ತಳಹದಿ. ಸತ್ಯವೇದದ ವಾಕ್ಯವನ್ನು ಓದಿ, ಅದರ ಅರ್ಥವನ್ನು ಬಿಡಿಸಿ, ತತ್ತ್ವವನ್ನು ಎತ್ತಿ, ಕಾರಣಗಳನ್ನು ಹೇಳಿ, ಕೇಳುವವರ ಬದುಕಿಗೆ ಅದರಿಂದ ಏನು ಪ್ರಯೋಜನವೆಂದು ತೋರಿಸಬೇಕು. ಬೋಧಕನ ಪಾಂಡಿತ್ಯ ಎದ್ದು ಕಾಣಬಾರದು. 1640ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಅಚ್ಚಾದ, ಸತ್ಯವೇದದ ಕೀರ್ತನೆಗಳ ಪುಸ್ತಕ ಆ ವಸಾಹತುಗಳಲ್ಲಿ ಮುದ್ರಣವಾದ ಮೊದಲ ಪುಸ್ತಕ. ದೇವರ ಬಲಿಪೀಠಕ್ಕೆ ನಮ್ಮ ನಯಗಾರಿಕೆ ಬೇಕಿಲ್ಲವೆಂದು ಅದರ ಮುನ್ನುಡಿಯೇ ಸಾರುತ್ತದೆ. ಓದು ಬರಹದ ವಿಷಯದಲ್ಲಿ ಇದೇ ನಂಬಿಕೆ ಕಾನೂನಾಗಿ ಬಂತು. ಐವತ್ತು ಮನೆಗಳಿರುವ ಪ್ರತಿ ಊರೂ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದು 1647ರಲ್ಲಿ ಮ್ಯಾಸಚೂಸೆಟ್ಸ್ ಆಜ್ಞೆ ಮಾಡಿದ್ದು ಸೈತಾನನು ಜನರನ್ನು ವೇದವಾಕ್ಯದಿಂದ ದೂರವಿಡುತ್ತಾನೆಂಬ ಭಯದಿಂದ. ಹಾರ್ವರ್ಡ್ ಕಾಲೇಜು ಅಷ್ಟರಲ್ಲಾಗಲೇ, 1636ರಲ್ಲಿ, ಸ್ಥಾಪನೆಯಾಗಿತ್ತು.

ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ತಾವು ಅವಕಾಶ ಕೊಡಬೇಕು, ಏಕೆಂದರೆ ನಮ್ಮ ಪಠ್ಯಗಳಲ್ಲಿ ಆಕೆಗೆ ಸಿಕ್ಕಿರುವುದು ಬಹಳ ಸಣ್ಣ ಜಾಗ. ಸುಮಾರು ಹದಿನೆಂಟರ ವಯಸ್ಸಿನಲ್ಲಿ, 1630ರಲ್ಲಿ, ವಿನ್‌ತ್ರಾಪನಿದ್ದ ಹಡಗಿನಲ್ಲಿಯೇ ಆಕೆ ಅಮೆರಿಕಕ್ಕೆ ಬಂದಳು. ಎಂಟು ಮಕ್ಕಳನ್ನು ಹೆತ್ತು, ಕಾಡಂಚಿನ ಮನೆಯ ಕೆಲಸಗಳ ನಡುವೆ ಬರೆದ ಆಕೆಯ ಕವಿತೆಗಳನ್ನು ಭಾವಮೈದುನ ಲಂಡನ್ನಿಗೆ ಒಯ್ದು 1650ರಲ್ಲಿ ಅಚ್ಚು ಹಾಕಿಸಿದ. ಗಂಡನನ್ನು ಕುರಿತ ಆಕೆಯ ಪ್ರೇಮಕವಿತೆಗಳು, ಪ್ಯೂರಿಟನ್ನರಿಗೆ ಸುಖವೆಂದರೆ ಆಗದು ಎಂಬ ಮಾತಿಗೆ ತಕ್ಕ ಉತ್ತರ. 1666ರ ಜುಲೈ 10ರ ರಾತ್ರಿ ಆಕೆಯ ಮನೆ ಸುಟ್ಟುಹೋಯಿತು. ಆ ಕುರಿತ ಕವಿತೆಯಲ್ಲಿ ಆಕೆ ಮೊದಲು ಕೊಟ್ಟವನೇ ಕಿತ್ತುಕೊಂಡನೆಂದು ದೇವರನ್ನು ಸ್ತುತಿಸುತ್ತಾಳೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಸುಟ್ಟ ಮನೆಯ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಕಣ್ಣು ಅತ್ತಲೇ ತಿರುಗುತ್ತದೆ: ತಾನು ಕೂರುತ್ತಿದ್ದ ಜಾಗ, ಪೆಟ್ಟಿಗೆ ಇದ್ದ ಜಾಗ, ಇನ್ನು ಮುಂದೆ ಅತಿಥಿಗಳು ಉಣ್ಣದ ಮೇಜು, ಮದುಮಗನ ದನಿ ಕೇಳಿಸದ ಚಾವಣಿ. ಎಲ್ಲವನ್ನೂ ಒಂದೊಂದಾಗಿ ನೆನೆದ ಮೇಲೆಯೇ ಆಕೆ ಇದೆಲ್ಲ ಮಾಯೆಯೆಂದು ತನ್ನ ಮನಸ್ಸನ್ನು ಗದರಿಸಿ, ದೇವರು ಕಟ್ಟಿದ ಶಾಶ್ವತ ಮನೆಯ ಕಡೆ ತಿರುಗುವುದು. ಗೈಡುಗಳು ಈ ಕವಿತೆಯ ಕೊನೆಯ ಸಾಲುಗಳನ್ನು ಉದ್ಧರಿಸಿ, ಐಹಿಕ ವಸ್ತುಗಳ ನಶ್ವರತೆ ಎಂದು ಐದು ಅಂಕದ ಉತ್ತರ ಬರೆದುಕೊಡುತ್ತವೆ. ಕವಿತೆಯ ಜೀವವಿರುವುದು ಪಟ್ಟಿಯಲ್ಲಿ, ಬಿಡಬೇಕೆಂದು ಗೊತ್ತಿದ್ದೂ ಬಿಡಲಾಗದ ಆ ಮನೆಯ ಸಾಮಾನುಗಳಲ್ಲಿ. ಮೇಲಿನ ಲೋಕದಲ್ಲಿ ಗಾಢ ನಂಬಿಕೆಯಿದ್ದವಳಿಗೆ ಮಾತ್ರ ಈ ಲೋಕದ ಮೇಜು ಪೆಟ್ಟಿಗೆಗಳ ಮೇಲಿನ ಆಸೆ ಇಷ್ಟು ದೊಡ್ಡ ಸಂಕಟವಾಗಬಲ್ಲದು.

ಮೊಮ್ಮಕ್ಕಳು ತೀರಿಕೊಂಡಾಗ ಬರೆದ ಶೋಕಗೀತೆಗಳು ಇನ್ನೂ ತೀಕ್ಷ್ಣವಾಗಿವೆ. 1665ರಲ್ಲಿ ಒಂದೂವರೆ ವರ್ಷದ ಎಲಿಜಬೆತ್ ತೀರಿಕೊಂಡಾಗ ಆಕೆ ಹೇಳುತ್ತಾಳೆ: ಬೆಳೆದ ಮರ ಒಣಗುವುದು, ಮಾಗಿದ ಹಣ್ಣು ಉದುರುವುದು ಪ್ರಕೃತಿಯ ನಿಯಮ; ಆದರೆ ಈಗತಾನೆ ನೆಟ್ಟ ಸಸಿ ಬುಡಸಮೇತ ಕೀಳಲ್ಪಟ್ಟರೆ ಅದು ಪ್ರಕೃತಿಯನ್ನೂ ವಿಧಿಯನ್ನೂ ನಡೆಸುವವನ ಕೈಯದೇ ಕೆಲಸ. ಇದು ಶರಣಾಗತಿಯೋ ದೂರೋ? ಎರಡೂ ಹೌದೆಂದು ನನ್ನ ಅಭಿಪ್ರಾಯ. 1669ರಲ್ಲಿ ಒಂದು ತಿಂಗಳ ಕೂಸು ಸತ್ತಾಗ, ಅವನು ನ್ಯಾಯವಂತನಾಗಿರುವಂತೆಯೇ ಕರುಣಾಳುವೂ ಹೌದೆಂದು ನಾವು ಹೇಳೋಣ ಎಂದು ಬರೆಯುತ್ತಾಳೆ. ಕರುಣಾಳು ಎಂದು ನೇರವಾಗಿ ಹೇಳದೆ, ಹೇಳೋಣ ಎಂದು ತನ್ನನ್ನೇ ಒಪ್ಪಿಸಿಕೊಳ್ಳುವ ಆ ದನಿಯಲ್ಲಿ ಎಷ್ಟು ಹೊಯ್ದಾಟವಿದೆಯೆಂಬುದನ್ನು ತರಗತಿಯಲ್ಲಿ ಜೋರಾಗಿ ಓದಿದಾಗ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ. ತನ್ನ ಮಕ್ಕಳಿಗಾಗಿ ಬರೆದಿಟ್ಟ ಪತ್ರದಲ್ಲಿ ಆಕೆ, ದೇವರು ಇದ್ದಾನೆಯೇ ಎಂಬ ಸಂಶಯವೂ ತನ್ನನ್ನು ಎಷ್ಟೋ ಸಲ ಕಾಡಿದೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾಳೆ. ಧರ್ಮಾಂಧರೆಂದು ನಾವು ಹೆಸರಿಟ್ಟವರ ನಡುವಿನಿಂದ ಬಂದ ಮಾತಿದು.

ಎಡ್ವರ್ಡ್ ಟೇಲರನ ಕವಿತೆಗಳನ್ನು ಇಲ್ಲಿ ಹೆಸರಿಸದಿರಲಾಗದು. ವೆಸ್ಟ್‌ಫೀಲ್ಡ್ ಎಂಬ ಗಡಿಯೂರಿನಲ್ಲಿ ಸಭಾಪಾಲಕನೂ ವೈದ್ಯನೂ ಆಗಿದ್ದ ಅವನು ಕರ್ತನ ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ) ಸಂಸ್ಕಾರಕ್ಕೆ ತನ್ನನ್ನು ಸಿದ್ಧಪಡಿಸಿಕೊಳ್ಳಲು ನಲವತ್ತಕ್ಕೂ ಹೆಚ್ಚು ವರ್ಷ ಧ್ಯಾನಗೀತೆಗಳನ್ನು ಬರೆದ. ಹಸ್ತಪ್ರತಿಯಾಗಿಯೇ ಉಳಿದಿದ್ದ ಅವು ಯೇಲ್ ಗ್ರಂಥಾಲಯದಲ್ಲಿ ಸಿಕ್ಕಿ ಬೆಳಕು ಕಂಡದ್ದು 1930ರ ದಶಕದಲ್ಲಿ. ತನ್ನನ್ನು ರಾಟೆಯಾಗಿ, ಮಗ್ಗವಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡುವ ಅವನ ಕವಿತೆಯನ್ನು ಜೇಡರ ದಾಸಿಮಯ್ಯನ ನಾಡಿನವರು ಓದದಿರುವುದು ನಮ್ಮ ನಷ್ಟ.

ಮೇರಿ ರೋಲ್ಯಾಂಡ್‌ಸನ್‌ಳ ಕಥನ ಬೇರೆ ಬಗೆಯದು. 1676ರ ಫೆಬ್ರವರಿಯಲ್ಲಿ, ವಸಾಹತುಗಾರರಿಗೂ ಮೂಲನಿವಾಸಿಗಳಿಗೂ ನಡೆದ ಘೋರ ಯುದ್ಧದ ನಡುವೆ, ಲ್ಯಾಂಕಾಸ್ಟರ್ ಎಂಬ ಊರಿನಿಂದ ಆಕೆಯನ್ನು ಸೆರೆ ಹಿಡಿದೊಯ್ದರು. ಗುಂಡೇಟು ತಿಂದ ಆರು ವರ್ಷದ ಮಗಳು ಆಕೆಯ ತೊಡೆಯ ಮೇಲೆಯೇ ಪ್ರಾಣಬಿಟ್ಟಳು. ಹನ್ನೊಂದು ವಾರಗಳ ಮೇಲೆ ಬಿಡುಗಡೆಯಾಗಿ ಬಂದ ಆಕೆಯ ಪುಸ್ತಕ 1682ರಲ್ಲಿ ಅಚ್ಚಾಯಿತು. ತಾನು ಸತ್ಯವೇದದ ಇಸ್ರಾಯೇಲ್ಯರಂತೆ ಶಿಕ್ಷೆಗೊಳಗಾದವಳು, ನಡೆದದ್ದೆಲ್ಲ ದೈವಸಂಕಲ್ಪ ಎಂಬ ಚೌಕಟ್ಟಿನಲ್ಲಿಯೇ ಆಕೆ ಪ್ರತಿಯೊಂದನ್ನೂ ನೋಡುತ್ತಾಳೆ. ಸೆರೆ ಹಿಡಿದವರನ್ನು ಕುರಿತ ಆಕೆಯ ಮಾತು ಕಠೋರ. ಹಾಗಿದ್ದೂ ಶತ್ರುಪಕ್ಷದ ನಾಯಕ ಮೆಟಕಾಮ್ ತನ್ನ ಮಗನಿಗೆ ಅಂಗಿ ಹೊಲಿಸಿಕೊಂಡು ಒಂದು ಷಿಲಿಂಗ್ ಕೊಟ್ಟದ್ದನ್ನು, ಊಟಕ್ಕೆ ಕರೆದದ್ದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತಾಳೆ. ದೇವರು ಮಾಡಿದ್ದನ್ನು ಮರೆಮಾಚಬಾರದೆಂಬ ನಂಬಿಕೆಯೇ ಆಕೆಯ ಪೂರ್ವಗ್ರಹಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಆಕೆಯಿಂದ ಬರೆಸಿದೆ. ಮನೆಗೆ ಮರಳಿದ ಮೇಲೂ ಎಲ್ಲರೂ ಮಲಗಿರುವಾಗ ತನಗೆ ಮಾತ್ರ ನಿದ್ರೆ ಹತ್ತದೆಂದು ಕೊನೆಯಲ್ಲಿ ಆಕೆ ಹೇಳುವುದನ್ನು ಚೌಕಟ್ಟಿನೊಳಗೆ ಕೂಡಿಸಲು ಆಕೆಗೂ ಪೂರ್ತಿಯಾಗಿ ಸಾಧ್ಯವಾಗಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅವರ ಅಪರಾಧಗಳನ್ನು ಮರೆಸುವ ಇಚ್ಛೆ ನನಗಿಲ್ಲ. 1637ರಲ್ಲಿ ಪೀಕ್ವಾಟ್ ಎಂಬ ಮೂಲನಿವಾಸಿ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ಸುಟ್ಟದ್ದನ್ನು ವಿಲಿಯಂ ಬ್ರಾಡ್‌ಫರ್ಡ್ ತನ್ನ ಪ್ಲಿಮತ್ ವಸಾಹತಿನ ಚರಿತ್ರೆಯಲ್ಲಿ ಬರೆದಿದ್ದಾನೆ. ಅದು ನೋಡಲು ಭಯಂಕರವಾಗಿತ್ತೆಂದು ಒಪ್ಪಿಕೊಂಡು, ಮರುಗಳಿಗೆಯಲ್ಲಿಯೇ ಗೆಲುವಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ. ತಾವು ದೇವರೊಡನೆ ಒಡಂಬಡಿಕೆ ಮಾಡಿಕೊಂಡ ಜನವೆಂಬ ನಂಬಿಕೆ ಮಾಡಿಸಬಲ್ಲ ಅತ್ಯಂತ ಕೆಟ್ಟ ಕೆಲಸ ಅದು. ಭಿನ್ನಮತ ಹೇಳಿದ ಆನ್ ಹಚಿನ್ಸನ್‌ಳನ್ನು ಗಡಿಪಾರು ಮಾಡಿದರು. ಕ್ವೇಕರ್ ಪಂಥದ ಮೇರಿ ಡಯರ್‌ಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. 1662ರಲ್ಲಿ ಮೈಕೇಲ್ ವಿಗಲ್ಸ್‌ವರ್ತ್ ಬರೆದ ಜನಪ್ರಿಯ ಕಾವ್ಯದಲ್ಲಿ, ಹುಟ್ಟುತ್ತಲೇ ಸತ್ತ ಆಯ್ಕೆಯಾಗದ ಕೂಸುಗಳಿಗೆ ನರಕದಲ್ಲಿ ಅತ್ಯಂತ ಸುಲಭದ ಕೋಣೆಯನ್ನು ಕೊಡಲಾಗುತ್ತದೆ. ಸಿದ್ಧಾಂತವನ್ನು ತರ್ಕದ ಕೊನೆಯ ತನಕ ಎಳೆದರೆ ಹೃದಯಕ್ಕೆ ಏನಾಗುತ್ತದೆಂಬುದಕ್ಕೆ ಈ ಕೋಣೆ ಸಾಕ್ಷಿ. 1692ರಲ್ಲಿ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು, ಇನ್ನೊಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು.

ಆದರೆ ಸೇಲಂನ ನ್ಯಾಯಾಧೀಶರಲ್ಲಿ ಒಬ್ಬನಾಗಿದ್ದ ಸ್ಯಾಮ್ಯುಯೆಲ್ ಸೀವಲ್ ಆಮೇಲೇನು ಮಾಡಿದನೆಂಬುದು ನಮ್ಮ ಪಾಠಗಳಲ್ಲಿ ಬರುವುದೇ ಇಲ್ಲ. 1697ರಲ್ಲಿ ಬಾಸ್ಟನ್ನಿನ ಆರಾಧನಾಲಯದಲ್ಲಿ, ತಾನು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಸಭಾಪಾಲಕ ಓದುವಾಗ, ಎಲ್ಲರೆದುರು ಎದ್ದು ನಿಂತು ಆ ಪಾಪದ ಹೊರೆ ತನ್ನದೆಂದು ಒಪ್ಪಿಕೊಂಡ. 1700ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ನ್ಯೂ ಇಂಗ್ಲೆಂಡಿನ ಅತ್ಯಂತ ಹಳೆಯ ದಾಸ್ಯವಿರೋಧಿ ಹೊತ್ತಗೆಗಳಲ್ಲೊಂದನ್ನು ಬರೆದವನೂ ಇವನೇ. ಜನರನ್ನು ಗಲ್ಲಿಗೆ ಕಳುಹಿಸಿದ್ದೂ ಆ ನಂಬಿಕೆಯೇ, ಕಳುಹಿಸಿದವನನ್ನು ಸಭೆಯ ನಡುವೆ ತಲೆಬಾಗಿಸಿ ನಿಲ್ಲಿಸಿದ್ದೂ ಆ ನಂಬಿಕೆಯೇ. ಇವೆರಡನ್ನೂ ಒಟ್ಟಿಗೆ ಕಲಿಸುವುದು ಕಷ್ಟ, ಆದರೆ ಅದೇ ನಮ್ಮ ಕೆಲಸ. ನಮ್ಮ ವಿದ್ಯಾರ್ಥಿಗಳು ಪ್ಯೂರಿಟನ್ನರನ್ನು ಬಹುತೇಕ ನಥಾನಿಯಲ್ ಹಾಥಾರ್ನನ 1850ರ ಕಾದಂಬರಿಯಿಂದ ಅಥವಾ ಆರ್ಥರ್ ಮಿಲ್ಲರನ 1953ರ ನಾಟಕದಿಂದ ಅರಿಯುತ್ತಾರೆ. ಎರಡೂ ದೊಡ್ಡ ಕೃತಿಗಳು. ಎರಡೂ ತಮ್ಮ ಕಾಲದ ಅಗತ್ಯಗಳಿಗಾಗಿ ಹಿಂದಿನವರನ್ನು ವಿಚಾರಣೆಗೆ ಒಳಪಡಿಸಿದವು. ಸೇಲಂನ ವಿಚಾರಣಾಧಿಕಾರಿಯೊಬ್ಬ ಹಾಥಾರ್ನನ ಪೂರ್ವಜನೇ ಆಗಿದ್ದ. ಆಪಾದಿತರ ಸ್ವಂತ ಮಾತನ್ನು ಕೇಳದೆ ಆಪಾದನೆಯನ್ನಷ್ಟೇ ಓದಿಸುವುದು ನ್ಯಾಯವಲ್ಲ. ಬೋಧಕ ಜೋನಾಥನ್ ಎಡ್ವರ್ಡ್ಸನ ವಿಷಯದಲ್ಲಿಯೂ ಹೀಗೆಯೇ ಆಗಿದೆ: ಕೋಪಗೊಂಡ ದೇವರ ಕೈಯಲ್ಲಿ ಪ್ರಪಾತದ ಮೇಲೆ ತೂಗುತ್ತಿರುವ ಪಾಪಿಗಳನ್ನು ಕುರಿತ 1741ರ ಪ್ರಸಂಗವನ್ನೇ ಹೆಚ್ಚಾಗಿ ಓದಿಸುತ್ತಾರೆ. ಮೊದಲು ಗುಡುಗಿಗೆ ನಡುಗುತ್ತಿದ್ದ ತಾನು ಕೃಪೆಯ ಅನುಭವವಾದ ಮೇಲೆ ಗುಡುಗಿನಲ್ಲಿ ದೇವರ ದನಿಯನ್ನು ಕೇಳಿ ಹಿಗ್ಗಿದೆನೆಂದು ಅವನೇ ಬರೆದ ಆತ್ಮನಿರೂಪಣೆಯನ್ನು ಓದಿಸುವುದು ಕಡಿಮೆ.

ಇಂಗ್ಲಿಷ್ ಕವಿ ಜಾನ್ ಮಿಲ್ಟನ್ ನಮಗೆ ಚೆನ್ನಾಗಿ ಪರಿಚಿತನಾದ್ದರಿಂದ ಒಂದೇ ಮಾತು. ಪ್ಯೂರಿಟನ್ನರೆಲ್ಲ ಒಂದೇ ಅಚ್ಚಿನವರಾಗಿರಲಿಲ್ಲವೆಂಬುದಕ್ಕೆ ಅವನೇ ಪ್ರಮಾಣ. 1667ರ ಅವನ ಮಹಾಕಾವ್ಯದಲ್ಲಿ ದೇವರು, ಮನುಷ್ಯನನ್ನು ದೃಢವಾಗಿ ನಿಲ್ಲಲು ಶಕ್ತನಾಗಿಯೂ ಬೀಳಲು ಸ್ವತಂತ್ರನಾಗಿಯೂ ಸೃಷ್ಟಿಸಿದೆನೆಂದು ಹೇಳುತ್ತಾನೆ. ಅದು ಡಾರ್ಟ್ ಸಭೆಗಿಂತ ಆರ್ಮಿನಿಯಸನಿಗೆ ಹತ್ತಿರದ ಮಾತು. ಅದಕ್ಕೂ ಮುಂಚೆ, 1643ರಲ್ಲಿ, ಪ್ಯೂರಿಟನ್ನರೇ ಪ್ರಬಲರಾಗಿದ್ದ ಸಂಸತ್ತು ಪುಸ್ತಕಗಳಿಗೆ ಮುದ್ರಣಪೂರ್ವ ಪರವಾನಗಿಯನ್ನು ಕಡ್ಡಾಯ ಮಾಡಿದಾಗ, ಅದನ್ನು ವಿರೋಧಿಸಿ 1644ರಲ್ಲಿ ಪರವಾನಗಿಯಿಲ್ಲದೆಯೇ ತನ್ನ ಪ್ರಬಂಧವನ್ನು ಅಚ್ಚು ಹಾಕಿಸಿದವನು ಅವನು. 1908ರ ಪತ್ರಿಕಾ ನಿರ್ಬಂಧವನ್ನು ಕಂಡ, ಅದನ್ನು ಪ್ರತಿಭಟಿಸಿದ ತಾತಯ್ಯ ವೆಂಕಟಕೃಷ್ಣಯ್ಯನವರ ಊರಾದ ಮೈಸೂರಿನಲ್ಲಿ ಆ ಪ್ರಬಂಧ ಪತ್ರಿಕೋದ್ಯಮದ ವಿದ್ಯಾರ್ಥಿಗಳ ಕೈಯಲ್ಲಿಯೂ ಇರಬೇಕು.

ಕನ್ನಡಕ್ಕೂ ಈ ಪರಂಪರೆಗೂ ನಂಟೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಮತ್ತು ಕನ್ನಡ ನಿಘಂಟು ರಚಿಸಿದ ವಿಲಿಯಂ ರೀವ್ ಇಬ್ಬರೂ ಲಂಡನ್ ಮಿಷನರಿ ಸೊಸೈಟಿಯವರು. 1795ರಲ್ಲಿ ಹುಟ್ಟಿದ ಆ ಸಂಸ್ಥೆಯ ಬೆನ್ನೆಲುಬಾಗಿದ್ದ ಕಾಂಗ್ರಿಗೇಷನಲ್ ಸಭೆಗಳು ಪ್ಯೂರಿಟನ್ನರ ನೇರ ವಾರಸುದಾರರು. ಬನ್ಯನ್‌ನ ಯಾತ್ರಾಕಥನವೂ ಅದೇ ಶತಮಾನದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಮಹಾರಾಜ ಕಾಲೇಜಿನ ಬಿ.ಎಂ.ಶ್ರೀ. ಅವರಿಂದ ಇಂಗ್ಲಿಷಿನ ಭಾವಗೀತೆ ನಮ್ಮದಾಯಿತು. ಅದೇ ಕಾಲೇಜಿನಲ್ಲಿ ಪಾಠ ಹೇಳಿದ ಸಿ.ಡಿ. ನರಸಿಂಹಯ್ಯನವರು ಅಮೆರಿಕನ್ ಸಾಹಿತ್ಯವನ್ನು ನಮ್ಮ ವಿಶ್ವವಿದ್ಯಾಲಯಗಳಿಗೆ ತಂದವರಲ್ಲಿ ಮೊದಲಿಗರು. ಅವರೆಲ್ಲ ತೆರೆದ ದಾರಿಯಲ್ಲಿ ಬ್ರಾಡ್‌ಸ್ಟ್ರೀಟ್, ಟೇಲರ್, ರೋಲ್ಯಾಂಡ್‌ಸನ್ ಮಾತ್ರ ಕನ್ನಡದ ಸಾಮಾನ್ಯ ಓದುಗನ ಬಳಿಗೆ ಬರಲಿಲ್ಲ.

ಆದ್ದರಿಂದ ಮೈಸೂರು ಮತ್ತು ಮಂಡ್ಯದ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆಯಿದೆ. ಈ ಪಠ್ಯಗಳನ್ನು ಆರಂಭಿಸುವ ಮೊದಲು ಒಂದೆರಡು ತರಗತಿಗಳನ್ನು ಕೃಪೆ, ಆಯ್ಕೆ, ಒಡಂಬಡಿಕೆಗಳ ವಿಚಾರಕ್ಕೆ ಮೀಸಲಿಡಿ. ಸಾಧ್ಯವಾದರೆ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನ ವಿದ್ವಾಂಸರನ್ನೂ ನಗರದ ಕ್ರೈಸ್ತ ಸಭೆಗಳ ಓದಿಕೊಂಡ ಹಿರಿಯರನ್ನೂ ಒಂದೇ ವೇದಿಕೆಗೆ ಕರೆದು, ಪ್ರಪತ್ತಿ (ಶರಣಾಗತಿ) ಮತ್ತು ಕೃಪೆಯ ಬಗ್ಗೆ ವಿದ್ಯಾರ್ಥಿಗಳ ಮುಂದೆ ಮಾತಾಡಿಸಿ. ಪರೀಕ್ಷೆಯಲ್ಲಿ ಪ್ಯೂರಿಟನ್ನರ ಲಕ್ಷಣಗಳನ್ನು ಪಟ್ಟಿ ಮಾಡಿ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಒಂದು ಕವಿತೆಯನ್ನು ಕೊಟ್ಟು ಅದರಲ್ಲಿ ನಂಬಿಕೆಗೂ ನೋವಿಗೂ ನಡೆದಿರುವ ವ್ಯವಹಾರವನ್ನು ಬಿಡಿಸಿ ಬರೆಯಲು ಹೇಳಿ.

ತಮ್ಮಲ್ಲಿಯೂ ಒಂದು ಪ್ರಾರ್ಥನೆ. ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಈ ಕಾಲದ ಒಂದು ಕವಿತೆಯನ್ನು ಅಥವಾ ಗದ್ಯಭಾಗವನ್ನು ಕನ್ನಡ ಅನುವಾದದಲ್ಲಿ, ಚಿಕ್ಕ ಪರಿಚಯದೊಡನೆ ಪ್ರಕಟಿಸಬೇಕು. ಬ್ರಾಡ್‌ಸ್ಟ್ರೀಟಳ ಮನೆ ಸುಟ್ಟ ಕವಿತೆ ಮತ್ತು ಮೊಮ್ಮಕ್ಕಳ ಶೋಕಗೀತೆಗಳ ಕನ್ನಡ ಕರಡು ನನ್ನ ಬಳಿ ಇದೆ. ತಾವು ಒಪ್ಪಿದರೆ ಪರಿಷ್ಕರಿಸಿ ಕಳುಹಿಸಿಕೊಡುತ್ತೇನೆ.

ವಂದನೆಗಳೊಂದಿಗೆ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ,
ಸರಸ್ವತಿಪುರಂ, ಮೈಸೂರು